ಮುಂಭಾಗ ಯಾಕಿಷ್ಟು ಉದ್ದ?

ಪ್ರಶ್ನೆ: 1905ರ ಸುಮಾರಿನ ಇಂಗ್ಲಿಷ್ ಬ್ಲೌಸಿನ ಪ್ಯಾಟರ್ನ್ ಇಟ್ಟುಕೊಂಡು ಹೊಲಿಯುತ್ತಿದ್ದೇನೆ. ಮುಂಭಾಗ ಬೆನ್ನಿಗಿಂತ ತುಂಬಾ ಉದ್ದ, ಅಗಲವಾಗಿದೆ. ಹೆಚ್ಚಿದ್ದನ್ನು ಕತ್ತರಿಸಲೇ?

ಉತ್ತರ: ದಯವಿಟ್ಟು ಬೇಡ. ಆ ಬ್ಲೌಸಿನ ಜೀವವೇ ಅದು. 1900ರಿಂದ ಸುಮಾರು 1908ರವರೆಗೆ ಇಂಗ್ಲೆಂಡ್, ಅಮೆರಿಕದ ಹೆಂಗಸರು ಎದೆಯನ್ನು ಮುಂದಕ್ಕೆ, ಸೊಂಟವನ್ನು ಹಿಂದಕ್ಕೆ ತಳ್ಳುವ ಬಿಗಿ ಕಾರ್ಸೆಟ್ ತೊಡುತ್ತಿದ್ದರು. ಅದರ ಮೇಲೆ ಬ್ಲೌಸಿನ ಮುಂಭಾಗ ಪಾರಿವಾಳದ ಎದೆಯಂತೆ ಉಬ್ಬಿ ಸೊಂಟಪಟ್ಟಿಯ ಮೇಲೆ ಇಳಿಬೀಳಬೇಕಿತ್ತು. ಹೆಚ್ಚಿನ ಉದ್ದ ಅದಕ್ಕೇ. ಸೊಂಟದ ಬಳಿ ನೆರಿಗೆ ಹಿಡಿದು, ಒಳಗೆ ಲಾಡಿ ಹೊಲಿದು ಕಟ್ಟಿ. ಬಟ್ಟೆ ತಾನಾಗಿ ಉಬ್ಬುತ್ತದೆ. ಬೆನ್ನು ಮಾತ್ರ ನಯವಾಗಿ ಮೈಗೆ ಕೂರಲಿ.

ಬಟ್ಟೆ ತೆಳ್ಳಗಿದ್ದರೇ ಚೆಂದ. ಆಗ ಲಾನ್‌ನಂಥ ನವಿರು ಹತ್ತಿ ಬಳಸುತ್ತಿದ್ದರು. ನಮ್ಮ ಮಲ್ ಬಟ್ಟೆ ಸೊಗಸಾಗಿ ಒದಗುತ್ತದೆ. ಮೊದಲು ಒಗೆದು ಒಣಗಿಸಿ. ಸಣ್ಣ ಟಕ್‌ಗಳಿದ್ದರೆ ಅವನ್ನು ಇಡೀ ಬಟ್ಟೆಯ ಮೇಲೆ ಹೊಲಿದು, ಇಸ್ತ್ರಿ ಮಾಡಿ, ಆಮೇಲೆ ಪ್ಯಾಟರ್ನ್ ಇಟ್ಟು ಕತ್ತರಿಸುವುದು ನನಗೆ ಅತ್ಯಂತ ಭರವಸೆಯ ದಾರಿ. ಕಾರ್ಸೆಟ್ ಇಲ್ಲದೆ ತೊಡುವುದಾದರೆ ನಿಮ್ಮ ಇಂದಿನ ಅಳತೆಗೆ ಹಳೇ ಬಟ್ಟೆಯಲ್ಲಿ ಒಮ್ಮೆ ಹೊಲಿದು ನೋಡಿ, ಲಾಡಿಯ ಜಾಗವನ್ನು ಆಗಲೇ ಗುರುತಿಸಿಕೊಳ್ಳಿ.