ಒಂಬತ್ತನೆಯ ಸಾಲು

ಎಂಟು ಸಾಲು, ನಾಲ್ಕು ಕಾಲಂ. ಅಷ್ಟರೊಳಗೆ ಒಬ್ಬ ಮನುಷ್ಯ ಇಂಗ್ಲಿಷಿನ ನಗುವನ್ನೆಲ್ಲ ಬಿಡಿಬಿಡಿಯಾಗಿ ಬಿಡಿಸಿ ಕೂರಿಸಿಬಿಟ್ಟಿದ್ದಾನೆ! ಹೆನ್ರಿ ವಾಟ್ಸನ್ ಫೌಲರ್ ಎಂದು ಆತನ ಹೆಸರು. ಮೊದಲು ಶಾಲೆಯ ಮೇಷ್ಟರು, ಆಮೇಲೆ ನಿಘಂಟುಕಾರ. 1926ರಲ್ಲಿ ಅಚ್ಚಾದ ಆತನ ‘ಎ ಡಿಕ್ಷನರಿ ಆಫ್ ಮಾಡರ್ನ್ ಇಂಗ್ಲಿಷ್ ಯೂಸೇಜ್’ ಎಂಬ ದಪ್ಪ ಪುಸ್ತಕದಲ್ಲಿ, ವ್ಯಾಕರಣದ ನೂರೆಂಟು ತಕರಾರುಗಳ ನಡುವೆ, ಆ ಪುಟ್ಟ ಕೋಷ್ಟಕ ಸದ್ದಿಲ್ಲದೆ ಕೂತಿದೆ. ಹ್ಯೂಮರ್, ವಿಟ್, ಸಟೈರ್, ಸರ್ಕ್ಯಾಸಂ, ಇನ್‌ವೆಕ್ಟಿವ್, ಐರನಿ, ಸಿನಿಸಿಸಂ, ಸಾರ್ಡಾನಿಕ್. ಒಂದೊಂದಕ್ಕೂ ಫೌಲರ್ ಕೇಳುವುದು ನಾಲ್ಕೇ ಪ್ರಶ್ನೆ: ಯಾಕೆ ಆಡಿದೆ? ಯಾವುದರ ಬಗ್ಗೆ ಆಡಿದೆ? ಹೇಗೆ ಆಡಿದೆ? ಯಾರು ಕೇಳಲಿ ಎಂದು ಆಡಿದೆ?

ಆ ನಾಲ್ಕನೆಯ ಪ್ರಶ್ನೆ ಇದೆಯಲ್ಲ, ಅಲ್ಲೇ ಉಸಿರು ಹಿಡಿಯಬೇಕಾಗುತ್ತದೆ. ಹ್ಯೂಮರ್ ಮನುಷ್ಯ ಸ್ವಭಾವವನ್ನು ನೋಡುತ್ತ ಕೂರುತ್ತದೆ, ಮರುಗುವ ಮನಸ್ಸಿದ್ದವರಿಗೆ ಅದು ಮುಟ್ಟುತ್ತದೆ. ವಿಟ್ ಮಾತಿನಲ್ಲೂ ಯೋಚನೆಯಲ್ಲೂ ಮಿಂಚಿ ಬುದ್ಧಿವಂತರನ್ನು ಬೆರಗುಗೊಳಿಸುತ್ತದೆ. ಸಟೈರ್‌ಗೆ ತಿದ್ದುವ ಆಸೆ. ಸರ್ಕ್ಯಾಸಂಗೆ ನೋಯಿಸುವ ಆಸೆ, ಅದಕ್ಕೆ ನೋಯುವವನೂ ಬೇಕು, ಪಕ್ಕದಲ್ಲಿ ನೋಡುವವನೂ ಬೇಕು. ಐರನಿ ಒಳಗಿನವರಿಗೆ ಮಾತ್ರ ತಿಳಿಯುತ್ತದೆ, ಹೊರಗಿನವರು ಮೇಲುಮಾತನ್ನೇ ನಿಜವೆಂದು ತಿಳಿದು ಹೋಗುತ್ತಾರೆ. ಕೊನೆಯ ಸಾಲು ಸಾರ್ಡಾನಿಕ್. ಕಷ್ಟದಲ್ಲಿ ಸಿಕ್ಕವನು ತನ್ನ ಎದೆ ಹಗುರಾಗಲೆಂದು ನಗುವ ನಗು ಅದು. ಅದನ್ನು ಕೇಳುವವರು ಯಾರು? ಫೌಲರ್ ಉತ್ತರ: ಅವನೇ. ಬೇರೆ ಯಾರೂ ಇಲ್ಲ.

ಈ ಸಾಲನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಇಂಗ್ಲೆಂಡ್ ಅಲ್ಲ, ಅನಂತಪುರ ಜಿಲ್ಲೆಯ ಬೆಳುಗುಪ್ಪ! ಅನಂತಪುರ ದೇಶದಲ್ಲೇ ಅತಿ ಕಡಿಮೆ ಮಳೆ ಕಾಣುವ ಜಿಲ್ಲೆಗಳಲ್ಲಿ ಒಂದು. ಶೇಂಗಾ ಬಿತ್ತಿ, ಮೋಡ ಬಂದಂತೆ ಮಾಡಿ ಹೋಗುವುದನ್ನು ನೋಡುತ್ತ ಹೊಲದ ಬದುವಿನಲ್ಲಿ ನಿಂತ ರೈತ ಒಬ್ಬನೇ ನಗುತ್ತಾನಲ್ಲ, ಆ ನಗುವಿಗೆ ಒಂದು ಮನೆ ಇದೆ, ಅದನ್ನು ದೂರದ ಒಬ್ಬ ನಿಘಂಟುಕಾರ ಗುರುತಿಸಿದ್ದಾನೆ ಎಂದರೆ ಮೈ ಜುಮ್ಮೆನ್ನುವುದಿಲ್ಲವೇ?

ಅಲ್ಲಿಂದ ಶುರುವಾದದ್ದು ಹುಡುಕಾಟ. ಫೌಲರನ ಪ್ರಶ್ನೆಗಳನ್ನು ಹಿಡಿದು ನಮ್ಮ ಮಾತುಗಳ ಬಳಿ ಹೋದರೆ ಏನು ಸಿಗಬಹುದು? ಸಿಕ್ಕಿದ್ದು ರಾಶಿ! ತಮಾಷೆ, ಕುಶಾಲು, ಸರಸ, ಚೇಷ್ಟೆ, ಕೀಟಲೆ, ಗೇಲಿ, ಲೇವಡಿ, ಅಣಕ, ಕುಚೋದ್ಯ, ಕೊಂಕು, ಕುಹಕ, ಕಟಕಿ, ಚುಚ್ಚುಮಾತು, ಮೂದಲಿಕೆ, ನಗೆಪಾಟಲು. ಇವುಗಳಲ್ಲಿ ಯಾವೆರಡೂ ಒಂದೇ ಅಲ್ಲ. ಲೇವಡಿಗೆ ಸುತ್ತ ನಾಲ್ಕು ಜನ ಬೇಕು, ಕಟಕಿಗೆ ಒಬ್ಬ ಸಾಕು. ಕೀಟಲೆ ಮಕ್ಕಳದ್ದು, ಕುಚೋದ್ಯ ದೊಡ್ಡವರದ್ದು. ಸರ್ಕ್ಯಾಸಂ ಎಂಬ ಶಬ್ದದ ಗ್ರೀಕ್ ಬೇರಿನಲ್ಲಿ ಮಾಂಸ ಹರಿಯುವ ಅರ್ಥವಿದೆ. ನಮ್ಮವರು ಚುಚ್ಚುಮಾತು ಎಂದರು. ಐರನಿ ನೇರವಾಗಿ ಕಂಡು ಒಳಗೆ ಬಾಗಿರುತ್ತದೆ. ನಮ್ಮ ಕೊಂಕು ಎಂದರೇ ಬಾಗು. ವಿಟ್ ಶಬ್ದದ ಬೇರು ‘ತಿಳಿ’ ಎನ್ನುವುದು, ವೇದ, ವಿದ್ಯೆ ಎಂಬ ನಮ್ಮ ಶಬ್ದಗಳೂ ಅದೇ ಬೇರಿನವು!

ಕನ್ನಡ-ತೆಲುಗು ಗಡಿಯಲ್ಲಿ ಈ ರಾಶಿ ಇಮ್ಮಡಿ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು ಆಡುವವರ ಬಾಯಲ್ಲಿ ವೇಳಾಕೋಳಂ, ಎಗತಾಳಿ, ವೆಟಕಾರಂ ಎಲ್ಲವೂ ಸಲೀಸು. ನಮ್ಮ ನಗೆಪಾಟಲಿಗೆ ಅಲ್ಲಿ ನವ್ವುಲಪಾಲು. ನಾವು ಎತ್ತಿ ಆಡಿದರೆ ಅವರದು ಎತ್ತಿಪೊಡುಪು. ಆಡುವುದಷ್ಟೇ ಅಲ್ಲ, ಎತ್ತಿ ತಿವಿಯುವುದು! ಈ ನೆಲಕ್ಕೆ ನಿಘಂಟಿನ ನಂಟೂ ಹಳೆಯದು. ಇಂದಿನ ಅನಂತಪುರದ ಬಹುಪಾಲು 1882ರವರೆಗೆ ಬಳ್ಳಾರಿ ಜಿಲ್ಲೆಯ ಭಾಗವೇ ಆಗಿತ್ತು. ರಾಯದುರ್ಗ ತಾಲ್ಲೂಕು 1953ರಲ್ಲಿ ಆಂಧ್ರ ರಾಜ್ಯವಾಗುವ ತನಕವೂ ಬಳ್ಳಾರಿಯೊಂದಿಗೇ ಇತ್ತು. ಅದೇ ಬಳ್ಳಾರಿಯಲ್ಲಿ ಮಿಷನರಿಯಾಗಿದ್ದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನು ಹೊರತಂದರು. ಅದೇ ಸೀಮೆಯ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಹಾಸ್ಯ ಸಾಹಿತಿ ಬೀಚಿಯವರು ತಮ್ಮ ಹೆಸರನ್ನೇ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದರು, ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು. ಎರಡು ನುಡಿ ಬಲ್ಲವನಿಗೆ ಮಾತ್ರ ಹೊಳೆಯುವ ಮಿಂಚು ಅದು.

ಆದರೆ ನಿಜವಾದ ಅಚ್ಚರಿ ಇನ್ನೂ ಮುಂದಿದೆ.

ಒಬ್ಬ ಮೈದುನ ಊಟಕ್ಕೆ ಕೂತು, “ಅತ್ತಿಗೇ, ಸಾರಿನಾಗೆ ನನ್ನ ಮಕ ಕಾಣ್ತೈತೆ” ಎನ್ನುತ್ತಾನೆ. ಅತ್ತಿಗೆ ನಗುತ್ತಾಳೆ, ತಿರುಗಿ ಒಂದು ಕೊಡುತ್ತಾಳೆ. ಇದು ಸರಸ. ಅದೇ ಮಾತನ್ನು, ಒಂದಕ್ಷರ ಬದಲಿಸದೆ, ಅತ್ತೆ ಆಡಲಿ. ಚುಚ್ಚುಮಾತು! ಮಾವ ಆಡಿದರೆ? ಆಡುವಂತೆಯೇ ಇಲ್ಲ. ಗಂಡನ ಅಣ್ಣನಿಗೂ ಆ ಸಲುಗೆ ಇಲ್ಲ. ಅಜ್ಜ ಮೊಮ್ಮಗಳಿಗೆ “ನನ್ನ ಮದುವೆ ಆಗ್ತೀಯೇನೇ” ಎನ್ನಬಹುದು, ಅಪ್ಪ ಹಾಗೆ ಆಡುವುದನ್ನು ಯೋಚಿಸಲೂ ಆಗದು. ತೆಲುಗಿನ ಬಾವ-ಮರದಲು ನಡುವೆಯೂ ಇದೇ ಕಟ್ಟಳೆ. ಮಾತು ಒಂದೇ, ಧಾಟಿ ಒಂದೇ, ಆದರೆ ಅದು ಯಾವ ಸಾಲಿಗೆ ಸೇರಬೇಕೆಂದು ತೀರ್ಮಾನಿಸುವುದು ನಂಟಸ್ತನ! ಭರತನ ನಾಟ್ಯಶಾಸ್ತ್ರ ನಗುವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಮಾಡಿತು. ಹಲ್ಲು ಕಂಡಿತೇ, ಭುಜ ಕುಣಿಯಿತೇ ಎಂದು ಮೈಯನ್ನು ನೋಡಿತು. ಫೌಲರ್ ಮನಸ್ಸಿನ ಉದ್ದೇಶ ನೋಡಿದ. ನಮ್ಮ ಹಳ್ಳಿ ಕೇಳುವುದು ಮೂರನೆಯದೇ ಪ್ರಶ್ನೆ: “ಅವನು ನಿನಗೇನಾಗಬೇಕು?”

ಈ ಪ್ರಶ್ನೆ ತನ್ನ ಪೂರ್ತಿ ವೈಭವ ತೋರುವುದು ಬೀಗರ ಹಾಡಿನಲ್ಲಿ. ಮದುವೆಯ ಪಂಕ್ತಿ ಕೂತಿದೆ, ಹೋಳಿಗೆ ಬಡಿಸುತ್ತಿದ್ದಾರೆ, ಹೆಂಗಸರು ದನಿ ಎತ್ತುತ್ತಾರೆ. ಬೀಗರ ಹೊಟ್ಟೆ, ಬೀಗಿತಿಯ ನಡಿಗೆ, ಅವರ ಜಿಪುಣತನ, ಅವರ ಊರು, ಅವರ ಬಣ್ಣ, ಯಾವುದನ್ನೂ ಬಿಡುವುದಿಲ್ಲ. ತೆಲುಗಿನವರಲ್ಲೂ ವಿಯ್ಯಪುರಾಲಿನ (ಬೀಗಿತಿಯ) ಮೇಲೆ ಹೀಗೇ ಹಾಡುಗಳಿವೆ. ಇದನ್ನು ಫೌಲರನ ಕೋಷ್ಟಕದ ಮುಂದೆ ಹಿಡಿದು ನೋಡಿ! ಮಾತಿನ ರೂಪದಲ್ಲಿ ಇನ್‌ವೆಕ್ಟಿವ್, ನೇರ ಬೈಗುಳ. ಆದರೆ ಅದರ ಉದ್ದೇಶ ಮರ್ಯಾದೆ ಕಳೆಯುವುದಲ್ಲ. ಸರ್ಕ್ಯಾಸಂನಂತೆ ಬೈಸಿಕೊಳ್ಳುವವರು ಎದುರಿಗೇ ಕೂತಿದ್ದಾರೆ, ಆದರೆ ನೋಯುತ್ತಿಲ್ಲ. ಹಾಡದೆ ಬಿಟ್ಟರೆ ನೋಯುತ್ತಾರೆ! ನಮ್ಮನ್ನು ಬೀಗರೆಂದು ಎಣಿಸಲಿಲ್ಲ ಎಂದು ಮುನಿಯುತ್ತಾರೆ. ಎಂಟರಲ್ಲಿ ಯಾವ ಸಾಲಿನಲ್ಲೂ ಇದು ಕೂರದು. ಎರಡು ಮನೆಗಳನ್ನು ಬೆಸೆಯಲೆಂದೇ ಎಲ್ಲರ ಎದುರು ಬೈಯುವ ಈ ನಗುವಿಗೆ ಫೌಲರನ ಪುಟದಲ್ಲಿ ಜಾಗವಿಲ್ಲ. ಒಂಬತ್ತನೆಯ ಸಾಲು ಬೇಕು.

ತೊಗಲು ಬೊಂಬೆಯಾಟದಲ್ಲೂ ಅದೇ ಸಾಲು ಕುಣಿಯುತ್ತದೆ. ಪರದೆಯ ಮೇಲೆ ರಾಮಾಯಣ ನಡೆಯುತ್ತಿರುವಾಗಲೇ, ನಗಿಸಲೆಂದೇ ಇರುವ ಕಿಳ್ಳೇಕ್ಯಾತ, ಬಂಗಾರಕ್ಕ ನುಗ್ಗಿ ಬರುತ್ತಾರೆ, ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈಯುತ್ತಾರೆ, ಜನ ಬಿದ್ದು ಬಿದ್ದು ನಗುತ್ತಾರೆ. ಕನ್ನಡ ನಾಡಿನಲ್ಲಿ ಬೊಂಬೆ ಆಡಿಸುವ ಸಮುದಾಯಕ್ಕೇ ಆ ನಗಿಸುವವನ ಹೆಸರು ಅಂಟಿತು, ರಾಮನ ಹೆಸರಲ್ಲ! ಧರ್ಮಾವರದ ಬಳಿಯ ನಿಮ್ಮಲಕುಂಟ ಇಂದಿಗೂ ಈ ಕಲೆಯ ಊರು. ಅಲ್ಲಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ಮನೆಯಲ್ಲಿ ಮರಾಠಿ ಬೆರೆತ ಮಾತಾಡುವ ಕಲಾವಿದರು, ಊರಿಗೆ ತೆಲುಗಿನಲ್ಲಿ ನಗು ಹಂಚುತ್ತಾರೆ.

ಬೀಗರ ಹಾಡಿಗೆ ಈಗ ಕಂಟಕ ಬಂದಿದೆ. ಕಲ್ಯಾಣ ಮಂಟಪದ ಆರ್ಕೆಸ್ಟ್ರಾ ಮೈಕಿನ ಮುಂದೆ ಅಜ್ಜಿಯರ ದನಿ ಕೇಳುವುದಿಲ್ಲ, ಬಡಿಸುವ ಆತುರಕ್ಕೆ ಹಾಡಿಗೆ ಹೊತ್ತೂ ಇಲ್ಲ. ರಾಯದುರ್ಗ, ಬೆಳುಗುಪ್ಪ, ಮಡಕಶಿರಾ ಕಡೆಯ ಓದುಗರೇ, ಮುಂದಿನ ಮದುವೆಗೆ ಹೋದಾಗ ಹತ್ತು ನಿಮಿಷ ಆ ಮೈಕು ನಿಲ್ಲಿಸಿ. ಅಜ್ಜಿಯನ್ನೋ ಅತ್ತೆಯನ್ನೋ ಪಂಕ್ತಿಯ ಪಕ್ಕ ಕೂರಿಸಿ ಹಾಡಿಸಿ, ಕನ್ನಡದ್ದನ್ನೂ ತೆಲುಗಿನದ್ದನ್ನೂ ಫೋನಿನಲ್ಲಿ ಹಿಡಿದಿಡಿ. ಯಾರು ಹಾಡಿದರು, ಯಾರ ಮೇಲೆ ಹಾಡಿದರು, ಅವರು ಇವರಿಗೇನಾಗಬೇಕು ಎಂಬುದನ್ನು ಮರೆಯದೆ ಜೊತೆಗೆ ಬರೆದಿಡಿ.