ಜಿಲೇಬಿ ಸುತ್ತುವ ಗಣಿತ
ನಾಚಾರಂನಲ್ಲಿ ನೆಲೆಸಿರುವ ನಮ್ಮ ಬಾಂಧವರ ಮಕ್ಕಳಲ್ಲಿ ಕೆಲವರು, ಇಂಟರ್‌ಮೀಡಿಯೆಟ್ ತರಗತಿಯಲ್ಲಿ ‘ಪ್ಯಾರಾಮೀಟರ್’ ಎಂಬ ಶಬ್ದ ಬಂದೊಡನೆ ಗಣಿತಕ್ಕೆ ಬೆನ್ನು ತಿರುಗಿಸುವುದುಂಟು. ಹೋಟೆಲಿನಲ್ಲಿ ದುಡಿಯುವ ತಂದೆಯವರೇ ಇದರ ಮರ್ಮವನ್ನು ತೋರಿಸಬಲ್ಲರೆಂಬುದು ನಮ್ಮ ಅಭಿಪ್ರಾಯ. ಬಾಣಲೆಯ ಮೇಲೆ ಜಿಲೇಬಿ ಸುತ್ತುವ ಕೈ ಯಾವ ಕ್ಷಣಕ್ಕೆ ಎಲ್ಲಿತ್ತೆಂಬ ಲೆಕ್ಕವೇ ಪ್ಯಾರಾಮೆಟ್ರಿಕ್ ವಕ್ರರೇಖೆ. ಆ ಕ್ಷಣವೇ ಪ್ಯಾರಾಮೀಟರ್. ಎಳೆಯು ತನ್ನನ್ನೇ ದಾಟಿದರೂ ಕ್ಷಣ ಬೇರೆಯಾದ್ದರಿಂದ ಲೆಕ್ಕ ಕೆಡದು.

2001ರಲ್ಲಿ ಆಸ್ಟ್ರಿಯದ ಮಾರ್ಕುಸ್ ಹೋಹೆನ್‌ವಾರ್ಟರ್ ಆರಂಭಿಸಿದ ಜಿಯೋಜೀಬ್ರಾ ತಂತ್ರಾಂಶವು ಇದನ್ನು ಮೊಬೈಲಿನಲ್ಲಿಯೇ ಬರೆದು ತೋರಿಸುತ್ತದೆ, ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲ. ಎಕ್ಸ್‌ಗೆ ‘ಟಿ ಕಾಸ್ ಟಿ’, ವೈಗೆ ‘ಟಿ ಸೈನ್ ಟಿ’ ಎಂದು ಕೊಟ್ಟು, ಟಿಯನ್ನು 0ಯಿಂದ 20ರವರೆಗೆ ಓಡಿಸಿದರೆ ಮೂರು ಸುತ್ತಿಗೂ ಮೀರಿದ ಸುರುಳಿ ಮೂಡುವುದು. ಉದ್ದಿನ ವಡೆಯ ಮೇಲ್ಮೈಗಾದರೆ ಎರಡು ಪ್ಯಾರಾಮೀಟರುಗಳು ಬೇಕು: ತೂತಿನ ಸುತ್ತ ತಿರುಗುವ ಕೋನವೊಂದು, ತೂತಿನೊಳಗಿಂದ ವಡೆಯ ಮೈಯನ್ನು ಬಳಸಿ ಬರುವ ಕೋನ ಇನ್ನೊಂದು. ವಡೆ ಗರಿಯಾಗಿದೆಯೇ ಎಂಬುದನ್ನು ಮಾತ್ರ ತಂತ್ರಾಂಶ ಹೇಳದು.