ಮಾತು ಹೊಲಸೋ, ವಸ್ತು ಹೊಲಸೋ?

ಜೀವಶಾಸ್ತ್ರದ ಪಾಠದಲ್ಲಿ ‘ಫೀಸಸ್’ ಎಂಬ ಪದ ಬಂದರೆ ಯಾವ ಹುಡುಗನೂ ನಗುವುದಿಲ್ಲ. ಅದನ್ನೇ ಮನೆಮಾತಿನಲ್ಲಿ ಹೇಳಿದರೆ ಇಡೀ ತರಗತಿ ಕಿಸಕ್ಕೆನ್ನುತ್ತದೆ. ಲ್ಯಾಟಿನ್ ಎಂದರೆ ಶುಚಿ, ಗಂಭೀರ ಎಂಬ ಭಾವನೆ ನಮ್ಮದು. ಆದರೆ ಪ್ರಾಚೀನ ರೋಮಿನವನಿಗೆ ಈ ಪದ ಕೇಳಿದರೆ ನೆನಪಾಗುತ್ತಿದ್ದುದು ದ್ರಾಕ್ಷಾರಸದ ಜಾಡಿಯ ತಳದಲ್ಲಿ ನಿಲ್ಲುವ ಗಸಿ! ಮಲವೆಂಬ ಅರ್ಥ ಅದಕ್ಕೆ ಅಂಟಿದ್ದು ಬಹಳ ಕಾಲದ ನಂತರ.

ರೋಮಿನ ಬೀದಿಯ ಮಾತು ‘ಮೆರ್ದಾ’. ಹೊರೇಸ್, ಮಾರ್ಷಿಯಲ್‌ರಂಥ ಕವಿಗಳು ಇದನ್ನು ವಿಡಂಬನೆಯಲ್ಲಿ ಬಳಸಿದರೇ ಹೊರತು ಗಂಭೀರ ಕಾವ್ಯದೊಳಗೆ ಇದಕ್ಕೆ ಪ್ರವೇಶವಿರಲಿಲ್ಲ. ಬಹಿರ್ದೆಸೆಗೆ ಕೂರುವ ಕ್ರಿಯೆಗೆ ‘ಕಕಾರೆ’ ಎನ್ನುತ್ತಿದ್ದರು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪೊಂಪೇ ಪಟ್ಟಣದ ಗೋಡೆಯೊಂದರ ಮೇಲೆ, ಅಲ್ಲಿ ಕೂರುವವನಿಗೆ ಕೇಡು ಕಾದಿದೆಯೆಂಬ ಎಚ್ಚರಿಕೆ ಇದೇ ಪದದಲ್ಲಿದೆ. ನಮ್ಮ ಊರುಗಳ ಗೋಡೆಬರಹ ಹೊಸದೇನಲ್ಲ!

ಸ್ವಾರಸ್ಯವೆಂದರೆ, ಮಡಿವಂತರು ದೂರವಿಟ್ಟ ಈ ಪದಗಳೇ ಹೆಚ್ಚು ಗಟ್ಟಿ. ಮೆರ್ದಾ ಇಟಲಿಯಲ್ಲಿ ಹಾಗೆಯೇ ಉಳಿದಿದೆ. ಸ್ಪೇನಿನಲ್ಲಿ ಮಿಯೆರ್ದಾ, ಫ್ರಾನ್ಸಿನಲ್ಲಿ ಮೆರ್ದ್ ಆಗಿದೆ. ಕಕಾರೆಯ ನಂಟು ನಮ್ಮ ಮನೆಯ ಹಿತ್ತಿಲವರೆಗೂ ಬಂದಿದೆ. ವ್ಯಾಪಾರಕ್ಕೆಂದು ಭಾರತದ ಕರಾವಳಿಗೆ ಬಂದ ಡಚ್ಚರ ಭಾಷೆಯಲ್ಲಿ ಇದರ ಬಂಧು ‘ಕಕ್ಕೆನ್’. ಶೌಚದ ಮನೆ ‘ಕಕ್‌ಹೌಸ್’. ನಮ್ಮ ‘ಕಕ್ಕಸು’ ಅದರಿಂದ ಬಂದದ್ದೆಂದು ಪಂಡಿತರು ಗುರುತಿಸುತ್ತಾರೆ.

ರೈತನ ಮಾತೇ ಬೇರೆ. ಅವನಿಗೆ ಅದು ‘ಸ್ಟೆರ್ಕಸ್’, ಅಂದರೆ ಗೊಬ್ಬರ. ನಾಚಿಕೆಯ ಪ್ರಶ್ನೆಯೇ ಇಲ್ಲ. ಕೇಟೋ ತನ್ನ ಬೇಸಾಯದ ಗ್ರಂಥದಲ್ಲಿ ಇದನ್ನು ಸಲೀಸಾಗಿ ಬಳಸಿದ್ದಾನೆ. ವಿಜ್ಞಾನ ಆರಿಸಿಕೊಂಡದ್ದೂ ಈ ಪದವನ್ನೇ. ನಮ್ಮ ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕಿ ಒಡೆಯುತ್ತವೆ. ಅವುಗಳ ಹೀಮೋಗ್ಲೋಬಿನ್‌ನಿಂದ ಹುಟ್ಟುವ ಬಿಲಿರುಬಿನ್ ಪಿತ್ತರಸದೊಡನೆ ಕರುಳಿಗಿಳಿದು, ಅಲ್ಲಿನ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ, ಕೊನೆಗೆ ಕಂದು ಬಣ್ಣದ ವಸ್ತುವಾಗುತ್ತದೆ. ಮಲದ ಬಣ್ಣ ಅದರದೇ. ಹೆಸರು ‘ಸ್ಟೆರ್ಕೊಬಿಲಿನ್’!

ಮೂತ್ರಕ್ಕೆ ‘ಉರೀನಾ’ ಅಲ್ಲದೆ ‘ಲೋಟಿಯಂ’ ಎಂದೂ ಹೆಸರಿತ್ತು. ಇದು ತೊಳೆಯುವುದು ಎಂಬ ಪದದ ನೆಂಟ. ಹಳಸಿದ ಮೂತ್ರದಲ್ಲಿ ಅಮೋನಿಯಾ ಇರುವುದರಿಂದ ರೋಮಿನ ಅಗಸರು ಅದರಲ್ಲಿ ಬಟ್ಟೆ ಒಗೆಯುತ್ತಿದ್ದರು.

ಇಷ್ಟಕ್ಕೂ ಹೊಲಸು ಇರುವುದು ಮಾತಿನಲ್ಲೋ ವಸ್ತುವಿನಲ್ಲೋ? ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ಸಿಸೆರೊ ಗೆಳೆಯನಿಗೆ ಬರೆದ ಪತ್ರವೊಂದರಲ್ಲಿ ಇದನ್ನೇ ಚರ್ಚಿಸಿದ್ದಾನೆ. ಎರಡರಲ್ಲೂ ಇಲ್ಲ, ಯಾವುದನ್ನಾದರೂ ಅದರ ಹೆಸರಿನಿಂದಲೇ ಕರೆಯಬಹುದು ಎಂಬುದು ಸ್ಟೋಯಿಕ್ ಪಂಥದವರ ವಾದ. ಸಿಸೆರೊ ಮಾತ್ರ ಸಂಕೋಚವೇ ಲೇಸೆಂದ.

ಆ ಸಂಕೋಚ ಜೀವಕ್ಕೇ ಎರವಾಗಬಹುದಿತ್ತು ಎಂಬುದಕ್ಕೆ ಸ್ಯೂಟೋನಿಯಸ್ ಬರೆದ ಒಂದು ಕಥೆಯುಂಟು. ಊಟದ ನಡುವೆ ನಾಚಿಕೆಯಿಂದ ಹೂಸು ತಡೆದುಕೊಂಡು ಒಬ್ಬಾತ ಅಪಾಯಕ್ಕೀಡಾದನೆಂದು ಕೇಳಿದ ಚಕ್ರವರ್ತಿ ಕ್ಲಾಡಿಯಸ್, ಪಂಕ್ತಿಯಲ್ಲಿ ಅದಕ್ಕೆ ಅನುಮತಿ ನೀಡುವ ಶಾಸನವನ್ನೇ ಹೊರಡಿಸಲು ಯೋಚಿಸಿದನಂತೆ. ನಗು ಬರುವುದು ಸಹಜ. ಆದರೆ ತರಗತಿಯಲ್ಲಿ ಎದ್ದು ಹೇಳಲು ನಾಚಿ, ಸಂಜೆ ಮನೆ ಸೇರುವವರೆಗೂ ಬಿಗಿಹಿಡಿದು ಕೂರುವ ಮಕ್ಕಳು ಇಂದಿಗೂ ಇದ್ದಾರೆ. ಅಷ್ಟು ಹೊತ್ತೂ ದೊಡ್ಡ ಕರುಳು ನೀರು ಹೀರುತ್ತಲೇ ಇರುತ್ತದೆ. ಮಲ ಒಣಗಿ ಗಟ್ಟಿಯಾಗುತ್ತದೆ. ಮರುದಿನ ನೋವಾಗುತ್ತದೆಂದು ಮಗು ಮತ್ತೆ ತಡೆಯುತ್ತದೆ.